ಮೂವತ್ತೆಂಟು ಗಡಿಗೆಗಳು

ಯಾರಾದರೂ ಮೈಮುರಿದು ಕೆಲಸ ಮಾಡುತ್ತಿದ್ದರೆ ನನಗೆ ಸುಮ್ಮನೆ ಕೂಡಲಾಗುವುದಿಲ್ಲ. ಕೈ ಹಚ್ಚುತ್ತೇನೆಂದಲ್ಲ, ಆ ಕೆಲಸವನ್ನು ಹಗುರ ಮಾಡುವ ಉಪಾಯ ಹೇಳುತ್ತೇನೆ. ವಿಜಾಪುರದ ಕಚೇರಿಯಲ್ಲಿ ಕಾರಕೂನನಾಗಿದ್ದಾಗ ಕಾಗದಪತ್ರಗಳನ್ನು ಬೇಗ ಹುಡುಕಲೆಂದು ಹೊಸ ರೀತಿಯಲ್ಲಿ ಜೋಡಿಸಿಟ್ಟೆ. ಮುಂದೆ ಆರು ತಿಂಗಳು ಯಾರಿಗೂ ಒಂದು ಕಾಗದ ಸಿಗಲಿಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಆಗ ಯುದ್ಧ ನಡೆದಿತ್ತು, ಸಕ್ಕರೆಗೂ ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲುವ ಕಾಲ. ನಮ್ಮ ಆರು ವರ್ಷದ ಶಾಂತಾ ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಒಬ್ಬಳೇ ಮಗಳು. ಅದಾದ ಮೇಲೆ ನನ್ನ ಹೆಂಡತಿ ನೀಲವ್ವ ತವರೂರು ಬಬಲೇಶ್ವರದಿಂದ ಬಂದವರ ಕೈಯಲ್ಲೆಲ್ಲ ಸಸಿ ತರಿಸಿ ಹಿತ್ತಲು ತುಂಬಿದಳು. ದುಂಡುಮಲ್ಲಿಗೆ, ದಾಸವಾಳ, ಬದನೆ, ಕರಿಬೇವು ಎಲ್ಲ ಸೇರಿ ಮೂವತ್ತೆಂಟು ಗಿಡ. ಓಣಿಯ ಬಾವಿಯಿಂದ ಕೊಡ ಹೊತ್ತು ತಂದು, ತಂಬಿಗೆಯಿಂದ ಒಂದೊಂದಕ್ಕೇ ಬಗ್ಗಿ ಬಗ್ಗಿ ನೀರು ಹಾಕುವಳು. ದಿನಾ ಸಂಜೆ ಎರಡು ತಾಸು. ನಾನು ಕಚೇರಿಯಿಂದ ಬಂದರೆ ಒಲೆಯ ಮೇಲೆ ಚಹಾ ಇರುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ಸಿಟ್ಟು, ಆದರೆ ಅದನ್ನು ಹೆಂಡತಿಯ ಮೇಲಿನ ಮರುಕವೆಂದು ತಿಳಿದುಕೊಂಡಿದ್ದೆ.

ಒಂದು ಸೋಮವಾರ ಈಶ್ವರನ ಗುಡಿಯಲ್ಲಿ ಕೈಮುಗಿದು ನಿಂತಾಗ ಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆ ಕಣ್ಣಿಗೆ ಬಿತ್ತು. ತಳದ ತೂತಿನಿಂದ ಹನಿ ಹನಿಯಾಗಿ ನೀರು ಇಳಿಯುತ್ತಿತ್ತು, ಯಾರೂ ನಿಂತು ಸುರಿಯಬೇಕಾಗಿರಲಿಲ್ಲ. ದೇವರ ಮೇಲಿನ ಧ್ಯಾನ ಅಲ್ಲಿಗೇ ಮುಗಿಯಿತು. ಅರಕೇರಿಯ ಕುಂಬಾರನಿಂದ ಮೂವತ್ತೆಂಟು ಗಡಿಗೆ ತರಿಸಿ, ತಳಕ್ಕೆ ತೂತು ಮಾಡಿ, ಅರಿವೆಯ ಬತ್ತಿ ತುರುಕಿ, ಒಂದೊಂದು ಗಿಡದ ಬುಡದಲ್ಲಿ ಒಂದೊಂದು ಹೂಳಿದೆ. ಮೂರು ದಿನಕ್ಕೊಮ್ಮೆ ಗಡಿಗೆ ತುಂಬಿಸಿದರೆ ಸಾಕು. ಪಕ್ಕದ ಮನೆಯ ಕಾಶವ್ವ ಗೋಡೆಯಾಚೆಯಿಂದ ಇಣುಕಿ, "ಕಾರಕೂನರ, ಗಿಡಗಿಡಕ್ಕ ರುದ್ರಾಭಿಷೇಕ ಹಚ್ಚೀರಲ್ರಿ! ಬಿಲ್ವಪತ್ರಿ ಏರ್ಸೂದು ಯಾವಾಗ?" ಎಂದಳು. ಅದನ್ನೂ ಹೊಗಳಿಕೆಯೆಂದೇ ತಿಳಿದೆ.

ಗಿಡಗಳು ಚಿಗುರಿದವು. ಚಹಾ ಹೊತ್ತಿಗೆ ಸರಿಯಾಗಿ ಬರತೊಡಗಿತು. ನೀಲವ್ವ ಮಾತ್ರ ಸಂಜೆಯಾದರೆ ಹಿತ್ತಲ ಹೊಸ್ತಿಲ ಮೇಲೆ ಕೈಕಟ್ಟಿ ಕೂತುಬಿಡುವಳು. ಉಣ್ಣುವುದು ಕಡಿಮೆಯಾಯಿತು, ಮಾತು ನಿಂತೇಹೋಯಿತು. ಒಂದು ದಿನ ಅವಳು ಕೊಟ್ಟ ಬಟ್ಟಲಲ್ಲಿ ಸಕ್ಕರೆಯೂ ಇರಲಿಲ್ಲ, ಚಹಾಪುಡಿಯೂ ಇರಲಿಲ್ಲ. ಬರೀ ಬಿಸಿನೀರು. ಅರ್ಧ ಕುಡಿದ ಮೇಲೆ ನನಗೆ ಹೆದರಿಕೆಯಾಯಿತು.

"ಏನಾಗೇತಿ ನಿನಗ?" ಎಂದು ಕೇಳಿದೆ.

"ನೀರ ಹಾಕೂಮುಂದ ಅಳತಿದ್ನಿರಿ," ಎಂದಳು. "ಗಿಡಕ್ಕ ಬಗ್ಗಿದ್ರ ಮಾರಿ ಯಾರಿಗೂ ಕಾಣತಿರಲಿಲ್ಲ. ಒಲಿ ಮುಂದ ಅತ್ರ ನೀವು ಕೇಳ್ತೀರಿ, ಬಾವಿ ಕಡೆ ಅತ್ರ ಓಣಿ ಮಂದಿ ಕೇಳ್ತಾರ. ಈಗ ಎಲ್ಲಿ ಹೋಗಿ ಅಳಲಿ?"

ನನ್ನ ಹತ್ತಿರ ಇದಕ್ಕೆ ಉಪಾಯವಿರಲಿಲ್ಲ. ಎದ್ದು ಹೋಗಿ ಮೂವತ್ತೆಂಟೂ ಗಡಿಗೆ ಕಿತ್ತುಹಾಕಿದೆ.

ಮರುದಿನ ಕಚೇರಿಯಿಂದ ಬಂದವನೇ ನಾನೂ ಒಂದು ತಂಬಿಗೆ ಹಿಡಿದೆ. ನೀಲವ್ವ ಮಲ್ಲಿಗೆಯ ಕಡೆಯಿಂದ ಶುರುಮಾಡಿದಳು, ನಾನು ಆಚೆ ತುದಿಯ ಬದನೆಗೆ ಬಗ್ಗಿದೆ. ಮಗಳು ಹೋದಾಗ ಗಂಡಸೆಂದು ಗಟ್ಟಿಯಾಗಿ ನಿಂತವನು ನಾನು. ಅಂದು ಆ ಮೊದಲನೆಯ ಗಿಡವನ್ನು ದಾಟಲಾಗಲಿಲ್ಲ.

"ಕಾರಕೂನರ, ತಂಬಿಗಿ ಖಾಲಿಯಾಗಿ ಎಷ್ಟೊತ್ತಾತು, ಇನ್ನೂ ಬಗ್ಗಿಸಿ ಹಿಡದೀರಲ್ರಿ!" ಗೋಡೆಯಾಚೆಯಿಂದ ಕಾಶವ್ವ ಕೂಗಿದಳು.

"ತಳದಾಗ ಇನ್ನೊಂದೀಟು ಐತ್ರಿ," ಎಂದೆ, ತಲೆ ಎತ್ತದೆ.