ಗಿರಣಿಯೊಳಗೆ ಸರಕಾರಕ್ಕೆ ಪ್ರವೇಶವಿಲ್ಲ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ಹುಕ್ಕೇರಿಯಲ್ಲಿರುವ ನಮ್ಮ ಭಾವಮೈದುನನಿಗೆ ಊಟವಾದ ಕೂಡಲೇ ಯಾರಿಗಾದರೂ ಬುದ್ಧಿ ಹೇಳುವುದು. ನನ್ನ ಚಟ ಸರಕಾರವನ್ನು ಬೈಯುವುದು. ಹಾಗೆಂದ ಮಾತ್ರಕ್ಕೆ ನನ್ನನ್ನು ಯಾವುದೋ ಪಕ್ಷದವನೆಂದು ತಿಳಿಯಬೇಡಿ. ಯಾರೇ ಆಳಲಿ, ನನ್ನ ಬೈಗುಳದಲ್ಲಿ ಭೇದಭಾವವಿಲ್ಲ. ಸರಕಾರ ರಸ್ತೆ ಮಾಡಲಿ, ಕಳ್ಳರನ್ನು ಹಿಡಿಯಲಿ, ಕೋರ್ಟು ನಡೆಸಲಿ. ಅದರಾಚೆಗೆ ನಮ್ಮ ಅಂಗಡಿ, ನಮ್ಮ ತಲೆ, ನಮ್ಮ ತಾಟಿನ ತಂಟೆಗೆ ಬರಬಾರದು. ಇದು ನನ್ನ ಸಿದ್ಧಾಂತ. ಇದನ್ನು ನಾನು ಯಾವ ದೊಡ್ಡ ಕಾಲೇಜಿನಲ್ಲೂ ಕಲಿತಿಲ್ಲ. ಮೂಡಲಗಿಯಲ್ಲಿ ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿ ಕಲಿತಿದ್ದೇನೆ.

ಭಾಷಣ ಮಾಡಲು ಗಿರಣಿಗಿಂತ ಒಳ್ಳೆಯ ಜಾಗವಿಲ್ಲ. ಕೇಳುವವರು ಎದ್ದು ಹೋಗುವಂತಿಲ್ಲ, ಅವರ ಜೋಳ ನನ್ನ ಕೈಯಲ್ಲಿರುತ್ತದೆ. ಯಂತ್ರದ ಸಪ್ಪಳದ ಮೇಲೆ ಕೂಗಿ ಕೂಗಿ ನನ್ನ ದನಿ ಹೇಗಾಗಿದೆಯೆಂದರೆ, ನಮ್ಮ ಮನೆಯಲ್ಲಿ ನೀರು ಕೇಳಿದರೆ ಬಾಜೂ ಮನೆಯವರು ತಂದುಕೊಡುತ್ತಾರೆ. ಈ ದನಿಯಲ್ಲಿ ನಾನು ದಿನಾಲೂ ಒಂದಲ್ಲ ಒಂದು ಕಾಯಿದೆಯನ್ನು ಜೋಳದ ಜತೆಗೇ ಬೀಸಿ ಹಿಟ್ಟು ಮಾಡುತ್ತೇನೆ. ಇಲ್ಲೇ ಹತ್ತಿರದ ಕಲ್ಲೋಳಿಗೆ ಹೋಗಿಬರಲು ಹೆಲ್ಮೆಟ್ ಹಾಕಬೇಕಂತೆ! ತಲೆ ನನ್ನದು, ಬಿದ್ದರೆ ಒಡೆಯುವುದೂ ನನ್ನದೇ, ನಡುವೆ ಇವರಿಗೇನು ನೋವು? (ಹೆಂಡತಿ ಹೇಳಿದರೆ ಹಾಕಿಕೊಳ್ಳುತ್ತೇನೆ. ಅದು ಕಾಯಿದೆಯಲ್ಲ, ಸಂಸಾರ.) ಕಬ್ಬು ಬೆಳೆದವನಿಗೆ ಅದನ್ನು ಯಾವ ಕಾರ್ಖಾನೆಗೆ ಕಳಿಸಬೇಕೆಂದು ಬೇರೆ ಯಾರೋ ಹೇಳುತ್ತಾರೆ. ನನ್ನ ತಕ್ಕಡಿಗೆ ಮುದ್ರೆ ಹಾಕಿಸಬೇಕು, ಲೈಸೆನ್ಸನ್ನು ಗೋಡೆಗೆ ತೂಗುಹಾಕಬೇಕು, ಹೆಸರಿನ ಫಲಕ ಇಂತಿಷ್ಟೇ ಅಗಲವಿರಬೇಕು. ಅಲ್ಲ, ಕೆಟ್ಟ ಹಿಟ್ಟು ಬೀಸಿಕೊಟ್ಟರೆ ಆ ಹೆಣ್ಣುಮಗಳ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಮರುದಿನ ಆಕೆ ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೋಗುತ್ತಾಳೆ, ಹೋದವಳು ತಿರುಗಿ ಬರುವುದಿಲ್ಲ. ಇದಕ್ಕಿಂತ ಖಡಕ್ ಇನ್ಸ್‌ಪೆಕ್ಟರ್ ಯಾವ ಇಲಾಖೆಯಲ್ಲಿದ್ದಾನೆ?

ಬೇಕಾದರೆ ನನ್ನ ಗಿರಣಿಯ ಬಾಗಿಲಿಗೆ ಬಂದು ನೋಡಿ. ಬೆಳಿಗ್ಗೆಯೇ, ನಾನೇ ಹೆಸರು ಬರೆದುಕೊಟ್ಟ ಡಬ್ಬಿಗಳು ಪಾಳಿ ಹಚ್ಚಿ ಕೂತಿರುತ್ತವೆ. ಅವುಗಳ ಒಡತಿಯರು ಕಾಯಿಪಲ್ಲೆ ತರಲು ಹೋಗಿರುತ್ತಾರೆ. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಸರಿಸುವುದಿಲ್ಲ. ಪೊಲೀಸರಿಲ್ಲ, ಟೋಕನ್ ಇಲ್ಲ, ಕಾಯಿದೆಯಿಲ್ಲ. ಸರಕಾರವಿಲ್ಲದೆ ಜನ ಎಷ್ಟು ನೆಟ್ಟಗೆ ಬದುಕುತ್ತಾರೆ ಎಂಬುದಕ್ಕೆ ನಾನು ಈ ಡಬ್ಬಿಗಳನ್ನೇ ತೋರಿಸುತ್ತೇನೆ. ನನ್ನ ಹೆಂಡತಿ ಮಹಾದೇವಿ ಒಮ್ಮೆ ಇದನ್ನು ಕೇಳಿಸಿಕೊಂಡು, "ಖಾರಾ ಮಂಗಳವಾರ ಅಷ್ಟs ಬೀಸೂದು, ಅಕ್ಕಿ ಮುಂಜಾನೆ ತಂದ್ರ ಇಲ್ಲ, ಮುಚ್ಚಳ ಇಲ್ಲದ ಡಬ್ಬಿ ಒಳಗ ತರೂ ಹಂಗಿಲ್ಲ, ಹುಡುಗೂರ ಕೈಯಾಗ ಹಿಟ್ಟ ಕೊಡೂದಿಲ್ಲ. ಇವೆಲ್ಲಾ ಯಾರ ಕಾಯಿದೆ ಅದಾವ್ರಿ?" ಎಂದಳು. ಅವು ಕಾಯಿದೆಯಲ್ಲ, ವ್ಯವಸ್ಥೆ, ಎಂದು ಆಕೆಗೆ ವಿವರಿಸಿದೆ. ಆಕೆಗೆ ತಿಳಿಯಲಿಲ್ಲ. ರಾಜ್ಯಶಾಸ್ತ್ರ ಎಲ್ಲರಿಗೂ ತಿಳಿಯುವಂಥದ್ದಲ್ಲ.

ನನ್ನ ಇನ್ನೊಂದು ಖ್ಯಾತಿಯ ಬಗ್ಗೆಯೂ ಹೇಳಬೇಕು. ಸುತ್ತಮುತ್ತ ಯಾರಿಗೆ ಕಚೇರಿಯ ನೋಟೀಸು ಬಂದರೂ ಉತ್ತರ ಬರೆಸಲು ನನ್ನ ಬಳಿಗೇ ಬರುತ್ತಾರೆ. ಕುಲಗೋಡದಿಂದ ಬಸ್ಸು ಹತ್ತಿ ಬಂದವರೂ ಇದ್ದಾರೆ. ಒಂದು ಪೈಸೆ ಮುಟ್ಟುವುದಿಲ್ಲ. ಬೈಯಲು ಕಾಗದ ಸಿಕ್ಕಿತಲ್ಲ ಎಂಬ ಸಂತೋಷವೇ ನನಗೆ ಸಾಕು.

ಹೀಗಿರುವಾಗ ಈ ವರ್ಷ ಡಬ್ಬಿಗಳ ಸಾಲು ಗಿಡ್ಡವಾಗತೊಡಗಿತು. ಮೊದಲು ಮದುವೆಯ ದಿನಗಳೆಂದುಕೊಂಡೆ, ಆಮೇಲೆ ರೂಢಿಯಂತೆ ಸರಕಾರವನ್ನು ಬೈದೆ. ಕೊನೆಗೆ ಮಹಾದೇವಿಯೇ ಬಾಯಿಬಿಟ್ಟಳು: "ಶಮಶಾದ ಮನ್ಯಾಗ ಗಿರಣಿ ಹಾಕ್ಯಾಳ್ರಿ. ನೋಡಾಕ ಫ್ರಿಜ್ ಇದ್ದಂಗ ಐತಿ. ಯಾವಾಗ ಹ್ವಾದ್ರೂ ಬೀಸಿಕೊಡ್ತಾಳ. ಶುಕ್ರವಾರ ಖಾರಾನೂ ಬೀಸ್ಯಾಳಂತ."

ಶಮಶಾದ್ ನಮ್ಮ ಹಿಂದಿನ ಓಣಿಯವಳು. ಆಕೆಯ ಗಂಡ ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದ. ಎಲ್ಲರೂ ಅಂಗಡಿಯ ಮೆತ್ತನೆಯ ಗಾದಿ ಕೊಳ್ಳತೊಡಗಿದ ಮೇಲೆ ಅವನ ಕೆಲಸ ನಿಂತಿತ್ತು. ಆಕೆ ಎಷ್ಟೋ ವರ್ಷ ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ತನ್ನ ಪಾಳಿ ಕಾದವಳು. ಅಂಥವಳು ಹೀಗೆ ಮಾಡಬಹುದೇ? ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಎರಡು ದಿನ ಸಿದ್ಧಾಂತ ನನ್ನನ್ನು ತಡೆಯಿತು. ಮೂರನೆಯ ದಿನ ಗಿರಣಿಗೆ ಬಂದದ್ದು ನಾಲ್ಕೇ ಡಬ್ಬಿ, ಅದರಲ್ಲಿ ಒಂದು ನಮ್ಮ ಮನೆಯದೇ. ಆ ಮಧ್ಯಾಹ್ನ ಕಾಗದ ತೆಗೆದುಕೊಂಡು ಕೂತೆ.

"ಮಾನ್ಯರೇ, ಜನವಸತಿ ಇರುವ ಓಣಿಯಲ್ಲಿ ಪರವಾನಿಗೆ ಇಲ್ಲದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದು, ಇದರಿಂದ ಸಾರ್ವಜನಿಕರ ಆರೋಗ್ಯಕ್ಕೂ ಮಕ್ಕಳ ಅಭ್ಯಾಸಕ್ಕೂ ತೀವ್ರ ತೊಂದರೆಯಾಗುತ್ತಿದೆ..." ಲೇಖನಿ ತಾನಾಗಿ ಓಡಿತು. ಇಪ್ಪತ್ತೆಂಟು ವರ್ಷ ಬೈದ ಕಾಯಿದೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಆಕೆಯ ಯಂತ್ರದ ಸಪ್ಪಳ ಮಿಕ್ಸರಿನಷ್ಟೂ ಇಲ್ಲ, ನನ್ನದು ಬಸ್ ನಿಲ್ದಾಣದವರೆಗೆ ಕೇಳುತ್ತದೆ ಎಂಬ ಸಂಗತಿ ಬರೆಯುವಾಗ ನೆನಪಾಗಲಿಲ್ಲ. ಕೆಳಗೆ ಹೆಸರು ಹಾಕುವ ಧೈರ್ಯವಾಗದೆ "ನೊಂದ ನಾಗರಿಕ" ಎಂದು ಬರೆದು, ಪುರಸಭೆ ಕಚೇರಿಯ ದೂರು ಪೆಟ್ಟಿಗೆಯಲ್ಲಿ ಹಾಕಿ, ಆಚೀಚೆ ನೋಡದೆ ಮನೆಗೆ ಬಂದೆ.

ಎಂಟು ಹತ್ತು ದಿನ ಕಳೆದಿರಬೇಕು. ಕರೆಂಟ್ ಹೋಗಿ ಗಿರಣಿ ಸುಮ್ಮನಿದ್ದ ಹೊತ್ತಿನಲ್ಲಿ ಶಮಶಾದ್ ಬಂದಳು. ಕೈಯಲ್ಲಿ ಡಬ್ಬಿಯಿರಲಿಲ್ಲ, ನೋಟೀಸಿತ್ತು.

"ಅಣ್ಣಾರ, ಏಳು ದಿನದಾಗ ಉತ್ತರಾ ಕೊಡದಿದ್ರ ಗಿರಣಿ ಬಂದ್ ಮಾಡ್ತಾರಂತ್ರಿ. ನೀವ ಬರದ ಕೊಡಬೇಕು."

"ಲೈಸೆನ್ಸ್ ತಗೊಂಡ ಬಿಡಬೇಕಿತ್ತ ತಂಗಿ," ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ನನಗೇ ವಿಚಿತ್ರವಾಗಿ ಕೇಳಿಸಿತು.

"ಅರ್ಜಿ ಹಾಕೇನ್ರಿ. ಅದ ಬರೂತನಕಾ ಚಾಲೂ ಇಡಾಕ ಬಿಡ್ರಿ ಅಂತ ಬರೀರಿ. ಒಮ್ಮಿ ಬಂದ್ ಆದ್ರ ಗಿರಾಕಿ ಹೋಗಿಬಿಡ್ತಾರ, ಹ್ವಾದವರು ತಿರಗಿ ಬರೂದಿಲ್ಲ ಅಂತ ನೀವ ಹೇಳ್ತಿದ್ರೆಲ್ರಿ? ನಮ್ಮ ಮನಿಯವರಿಗೆ ಗಾದಿ ಕೆಲಸ ಇಲ್ಲ. ನಾವು ನಾಕ ಮಂದಿ ಉಣ್ಣೂದು ಈಗ ಇದರ ಮ್ಯಾಲೇ ಐತಿ." ನೋಟೀಸನ್ನು ನನ್ನ ಮುಂದಿಟ್ಟು ಮತ್ತೆ ಹೇಳಿದಳು: "ನನಗ ಧೈರ್ಯಾ ಎಲ್ಲಿಂದ ಬಂತಂತ ಮಾಡೀರಿ? ಇಲ್ಲೇ ಕುಂತ ನಿಮ್ಮ ಮಾತ ಕೇಳಿದ್ದಕ್ರಿ. ದುಡದ ತಿನ್ನಾಕ ಯಾರನ್ನೂ ಕೇಳೂದ ಬ್ಯಾಡ, ಚಾಲೂ ಮಾಡ್ರಿ ಅಂತಿದ್ರಿ. ಚಾಲೂ ಮಾಡಿದೆ."

ಇಪ್ಪತ್ತೆಂಟು ವರ್ಷಗಳ ನನ್ನ ಭಾಷಣವನ್ನು ನಂಬಿ ನಡೆದವಳು ಈಕೆಯೊಬ್ಬಳೇ, ಅವಳ ಮೇಲೆಯೇ ನಾನು ಅರ್ಜಿ ಹಾಕಿದ್ದೆ. ತಲೆ ತಗ್ಗಿಸಿ ಕಾಗದ ತೆಗೆದೆ. ತಲೆ ತಗ್ಗಿಸಿದರೆ ಬರೆಯಲಿಕ್ಕೂ ಅನುಕೂಲ.

ಆದರೆ ಬರೆಯತೊಡಗಿದಂತೆ ನನ್ನ ಹಳೆಯ ಹುರುಪು ಬಂತು. ಸಪ್ಪಳದ ಆರೋಪವನ್ನು ಮೂರು ಸಾಲಿನಲ್ಲಿ ಮುಗಿಸಿದೆ. ಆರೋಗ್ಯದ ಆರೋಪಕ್ಕೆ, ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಮಾಡುವ ಹಿಟ್ಟನ್ನೇ ಬೀಸುವ ಹೆಣ್ಣುಮಗಳಿಗಿಂತ ಸ್ವಚ್ಛತೆ ಬಲ್ಲವರು ಯಾರು ಎಂದು ಕೇಳಿದೆ. ಒಬ್ಬ ಹೆಣ್ಣುಮಗಳು ಯಾರ ಮುಂದೆಯೂ ಕೈಯೊಡ್ಡದೆ ದುಡಿದು ಉಣ್ಣಲು ಹೊರಟರೆ ಕಚೇರಿ ಅವಳಿಗೆ ಅಡ್ಡ ನಿಲ್ಲಬೇಕೋ, ದಾರಿ ಬಿಡಬೇಕೋ ಎಂದು ಬರೆದಾಗ ನನ್ನ ಕಣ್ಣೇ ಒದ್ದೆಯಾಯಿತು. ಕೊನೆಗೆ ದೂರುದಾರನತ್ತ ತಿರುಗಿದೆ. "ತನ್ನ ಹೆಸರು ಹೇಳಲು ಧೈರ್ಯವಿಲ್ಲದ, ಪರರ ಏಳಿಗೆ ಕಂಡು ಕುದಿಯುವ ಈ ವ್ಯಕ್ತಿಯ ಮಾತಿಗೆ ಕವಡೆಯ ಕಿಮ್ಮತ್ತೂ ಕೊಡಬಾರದಾಗಿ ವಿನಂತಿ." ಅವನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನಾನು ಬರೆದ ಉತ್ತರಗಳಲ್ಲೆಲ್ಲ ಇದೇ ಶ್ರೇಷ್ಠವಾದದ್ದು ಎಂದು ಈಗಲೂ ಹೇಳಬಲ್ಲೆ.

ಶಮಶಾದ್ ಸೆರಗಿನ ಮರೆಯಿಂದ ಇನ್ನೊಂದು ಹಾಳೆ ತೆಗೆದು ನನ್ನ ಉತ್ತರದ ಬಾಜೂ ಇಟ್ಟಳು. "ಇದನ್ನೂ ಜೋಡಿ ಹಚ್ಚಬೇಕಂತ್ರಿ." ಅದು ದೂರಿನ ಝೆರಾಕ್ಸು. ನೋಟೀಸಿನ ಜತೆಗೆ ದೂರಿನ ಪ್ರತಿಯನ್ನೂ ಕೊಡಬೇಕು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ! ಎರಡೂ ಹಾಳೆಗಳು ಪಕ್ಕಪಕ್ಕದಲ್ಲಿ ಮಲಗಿದ್ದವು. ಅದೇ ದುಂಡಗಿನ ಅಕ್ಷರ, ಅದೇ ಓರೆಯಾದ "ಮಾನ್ಯರೇ".

"ನಾ ಭಾಳ ಸಾಲಿ ಕಲತಾಕಿ ಅಲ್ರಿ," ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಆದ್ರ ನನ್ನ ಡಬ್ಬಿ ಮ್ಯಾಲ ಇಷ್ಟ ವರ್ಷ ನನ್ನ ಹೆಸರ ಬರದ ಅಕ್ಷರಾ ನನಗ ಗೊತ್ತಾಗೂದಿಲ್ಲೇನ್ರಿ?"

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. "ಗೊತ್ತಿದ್ದೂ ನನ್ನ ಹಂತೇಲೇ ಯಾಕ ಬಂದಿ, ತಂಗಿ?"

"ತಕರಾರ ಬರದವರs ಉತ್ತರಾ ಬರದ್ರ ಒಂದ ಮಾತೂ ಬಿಟ್ಟ ಹೋಗೂದಿಲ್ಲಲ್ರಿ."

ತಪ್ಪಾಯಿತು ಎಂದೆ. ಈ ಮಾತನ್ನು ನಾನು ಸಂಸಾರದಲ್ಲಿ ಅನೇಕ ಸಲ ಆಡಿದ್ದೇನೆ, ಹೊರಗೆ ಆಡಿದ್ದು ಅದೇ ಮೊದಲು. ಕೇಳದಿದ್ದರೂ ಉತ್ತರದ ಕೆಳಗೆ "ಬಾಜೂ ಗಿರಣಿಯವನಾದ ನನ್ನ ತಕರಾರು ಏನೂ ಇಲ್ಲ" ಎಂದು ಬರೆದು, ಈ ಸಲ ನನ್ನ ಹೆಸರನ್ನೇ ಹಾಕಿ ಸಹಿ ಮಾಡಿದೆ. ಆಕೆ ಹಾಳೆಗಳನ್ನು ಮಡಚಿಕೊಂಡು ಎದ್ದಳು. ಬಾಗಿಲಲ್ಲಿ ತಿರುಗಿ, "ಒಂದ ಮಾತ್ರಿ ಅಣ್ಣಾರ. ಇನ್ನ ಮುಂದ ಯಾರ ಮ್ಯಾಲರೆ ಅರ್ಜಿ ಬರದ್ರ ಮದ್ಲ ನನಗ ತೋರಸ್ರಿ. ನಾ ಹೂಂ ಅಂದ ಮ್ಯಾಲ ಕಳಸ್ರಿ," ಎಂದಳು. ಪರವಾನಿಗೆ ಎಂಬ ಮಾತು ಕೇಳಿದರೇ ಉರಿದೇಳುವ ನಾನು "ಆತ ತಂಗಿ" ಎಂದೆ.

ಅವಳ ಗಿರಣಿ ಬಂದ್ ಆಗಲಿಲ್ಲ. ಲೈಸೆನ್ಸೂ ಬಂತು. ಅವಳು ಸಣ್ಣ ಡಬ್ಬಿ ಬೀಸುತ್ತಾಳೆ, ಚೀಲಗಟ್ಟಲೆ ಬೀಸಿಸುವವರು ನನ್ನ ಬಳಿಗೆ ಬರುತ್ತಾರೆ, ಇಬ್ಬರೂ ಉಣ್ಣುತ್ತಿದ್ದೇವೆ. ಇದರಿಂದ ನನ್ನ ಸಿದ್ಧಾಂತ ಸುಳ್ಳಾಯಿತೆಂದು ಯಾರೂ ತಿಳಿಯಬಾರದು. ಖರೆ ಅಂತ ಸಾಬೀತಾದದ್ದೇ ಆಗ, ಸಾಬೀತು ಮಾಡಿದವಳು ಶಮಶಾದ್ ಅಷ್ಟೇ. ಮೊನ್ನೆ ನಮ್ಮ ಓಣಿಯ ಗಟಾರದ ಬಗ್ಗೆ ಒಂದು ಬಿರುಸಾದ ಅರ್ಜಿ ಬರೆದು ಅವಳ ಮನೆಗೆ ಒಯ್ದೆ. ಗಟಾರ ಸರಕಾರದ ಕೆಲಸವೇ ಆದ್ದರಿಂದ ಬೇಗ ಒಪ್ಪಿಗೆ ಸಿಗುತ್ತದೆಂದುಕೊಂಡಿದ್ದೆ. ಆಕೆ ಹಿಟ್ಟಿನ ಕೈಯಲ್ಲೇ ಹಾಳೆ ತೆಗೆದುಕೊಂಡು, ಅದನ್ನು ಯಂತ್ರದ ಮೇಲಿಟ್ಟು, ನನ್ನ ಮುಖವನ್ನೂ ನೋಡದೆ ಹೇಳಿದಳು: "ಈಗ ಪುರುಸೊತ್ತಿಲ್ರಿ ಅಣ್ಣಾರ, ನಾಳಿ ಬರ್ರಿ."

ಮೂರು ದಿನದಿಂದ ಹೋಗುತ್ತಿದ್ದೇನೆ.