ಕಾನ್ವೆಂಟಿನ ಕನ್ನಡ

ಪದಕ್ಕೊಂದೇ ಅರ್ಥವಿದ್ದಿದ್ದರೆ ಕನ್ನಡ ಮಾಸ್ತರರಿಗೆ ಕೆಲಸವೇ ಇರುತ್ತಿರಲಿಲ್ಲ. ಎರಡೆರಡು ಅರ್ಥವಿರುವುದರಿಂದ, ಕೇಳಿಸಿಕೊಳ್ಳುವವರು ಯಾವಾಗಲೂ ಬೇಡದ್ದನ್ನೇ ಹಿಡಿಯುವುದರಿಂದ, ನಮ್ಮ ಶಾಲೆಯಲ್ಲಿ ಒಂದಿಲ್ಲೊಂದು ಅನಾಹುತ ಕಾಯಂ ಆಗಿತ್ತು.

ಆಗ ಕೊಪ್ಪಳ ಜಿಲ್ಲೆಯಾದ ಹೊಸತು. ಗಂಗಾವತಿ ಕಡೆಯ ಒಂದು ಕ್ಯಾಥೊಲಿಕ್ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಸೇರಿದ್ದೆ. ನಡೆಸುತ್ತಿದ್ದವರು ಕನ್ಯಾಸ್ತ್ರೀಯರು. ಓದುತ್ತಿದ್ದವರು ಹೆಚ್ಚಾಗಿ ಸುತ್ತಲಿನ ಒಕ್ಕಲುತನದ ಮನೆಗಳ ಹುಡುಗಿಯರು. ಏನನ್ನೂ ನಂಬದವನು ನಾನೊಬ್ಬನೇ.

೧. ಸಂದರ್ಶನ

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮಂಗಳೂರು ಕಡೆಯವರು. ಅಚ್ಚು ಹಾಕಿದಂಥ ಕನ್ನಡ.

“ದೇವರನ್ನು ನಂಬುತ್ತೀರಾ?”

“ಇಲ್ರಿ. ವ್ಯಾಕರಣ ನಂಬತೀನಿ.”

“ಪರವಾಗಿಲ್ಲ. ಅಲ್ಲಿಯೂ ಅಪವಾದಗಳನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬೇಕು.”

ಕನ್ನಡದ ಜೊತೆಗೆ ನೀತಿಪಾಠದ ಪೀರಿಯಡ್ಡನ್ನೂ ನನಗೇ ಕೊಟ್ಟರು. ಯಾಕೆಂದು ಕೇಳಿದೆ.

“ನಂಬಿಕೆ ಇರುವವರು ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ,” ಅಂದರು.

೨. ಸಮಾನಧರ್ಮ

ಹತ್ತನೆಯ ತರಗತಿಯಲ್ಲಿ ಮರಳಿ ಎಂಬ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಓದಿ ಟೀಚರ್ ಆಗಬೇಕೆಂಬ ಹಟ. ಗದ್ದೆ ಮಾಡಿಸುವ ಅವಳಪ್ಪನ ಲೆಕ್ಕಾಚಾರವೇ ಬೇರೆ. ನನಗೆ ನೇರವಾಗಿ ಹೇಳಿದ್ದ: “ವರ ನೋಡಾಕತ್ತೀನ್ರಿ ಸರ. ಗಟ್ಟಿ ಆತಂದ್ರ ಸಾಲಿ ಬಂದ್. ನಡುವ ಒಂದ ವಿಷಯದಾಗ ನಪಾಸಾದ್ರೂ ಬಂದ್.”

ಹಾಗಾಗಿ ಅವಳು ಅರ್ಧ ಅಂಕವನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ಉಪಮಾಲಂಕಾರದ ಪ್ರಶ್ನೆ ಕೊಟ್ಟೆ. ವಾಕ್ಯ, ಶಾಲೆಯ ಮರ್ಯಾದೆಗೆ ತಕ್ಕದ್ದು: ‘ಮಾತೆ ಮೇರಿಯ ಮುಖವು ಕಮಲದಂತೆ ಅರಳಿತು.’ ಹೋಲಿಸಿದ ಎರಡರಲ್ಲೂ ಇರುವ ಗುಣಕ್ಕೆ ‘ಸಮಾನಧರ್ಮ’ ಎಂದು ಹೆಸರು. ಇಲ್ಲಿ ಅದು ಅರಳುವುದು. ಎಲ್ಲರೂ ಬಾಯಿಪಾಠ ಮಾಡಿದ್ದರು. ಇವಳು ಯೋಚನೆ ಮಾಡಿದ್ದಳು. ಬರೆದದ್ದು ಇಷ್ಟು: ‘ಸಮಾನಧರ್ಮ ಇಲ್ಲ. ಮೇರಿ ಕ್ರಿಶ್ಚಿಯನ್. ಕಮಲಾ ನಮ್ಮವಳು.’

ಸೊನ್ನೆ ಹಾಕಿದೆ. ಉತ್ತರಪತ್ರಿಕೆ ಹಿಡಿದು ಬಂದಳು.

“ಯಾಕ್ರಿ ಸರ, ಮೇರಿ ನಮ್ಮಕಿ ಅದಾಳೇನ್ರಿ?”

ಇದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲವೆಂದು ಸಿಸ್ಟರ್ ಹತ್ತಿರ ಕಳಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಸೊನ್ನೆಯೇ ಸರಿ. ಮೇರಿ ಯೆಹೂದ್ಯಳು.”

ಆ ಅಂಕವಿಲ್ಲದೆಯೂ ಹುಡುಗಿ ಎಲ್ಲದರಲ್ಲೂ ಪಾಸಾದಳು. ಶಾಲೆ ಬಿಡಿಸಲು ಅಪ್ಪನಿಗೆ ವರವೊಂದೇ ಗತಿಯಾಯಿತು.

೩. ಫಾದರ್

ನೀತಿಪಾಠ ನಡೆದಿತ್ತು. ಜವಾನ ಬಾಗಿಲಲ್ಲಿ ಮುಖ ತೋರಿಸಿ, “ಸರ, ಫಾದರ್ ಬಂದಾರ. ಮರಳಿ ಹುಡುಗೀನ ಕರೀತಾರ,” ಅಂದ. ನಾನು ತಿರುಗಿ ನೋಡುವಷ್ಟರಲ್ಲಿ ಅವಳ ಜಾಗ ಖಾಲಿ. ಹಿಂದಿನ ಬಾಗಿಲು ಅಲ್ಲಾಡುತ್ತಿತ್ತು.

ಬಂದಿದ್ದವರು ಚರ್ಚಿನ ಗುರುಗಳು. ಪ್ರಬಂಧ ಸ್ಪರ್ಧೆಯಲ್ಲಿ ಮೊದಲು ಬಂದವಳಿಗೆ ಬಹುಮಾನ ಕೊಡಲು ಬಂದು, ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ನಿಂತೇ ಇದ್ದರು. ಪ್ರಬಂಧದ ವಿಷಯ ‘ಧೈರ್ಯ’.

ಎಲ್ಲ ಕೋಣೆ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಪ್ರಾರ್ಥನಾ ಮಂದಿರದಲ್ಲಿ, ಪಾಪ ನಿವೇದನೆಯ ಗೂಡಿನೊಳಗೆ, ಗುರುಗಳೇ ಕೂಡುವ ಕುರ್ಚಿಯ ಮೇಲೆ. ವಿಷಯ ತಿಳಿದ ಮೇಲೆ ಹೆದರಿಕೆ ಹೋಗಿ ಸಿಟ್ಟು ಬಂತು.

“ಯಾವ ಫಾದರ್ ಅಂತ ಬಿಡಿಸಿ ಹೇಳ್ರಿ ಸರ. ಒಬ್ಬರು ಡಬ್ಬಿ ತರತಾರ, ಒಬ್ಬರು ವರ ತರತಾರ!”

೪. ಕನ್ಯಾ

ವರ ಬಂದೇಬಿಟ್ಟಿತು. ಯಲಬುರ್ಗಾದ ಕಾಳಿನ ವ್ಯಾಪಾರದ ಮನೆತನ. ಮನೆಯಲ್ಲಿ ಹುಡುಗಿ ರಂಪ ಮಾಡುತ್ತಾಳೆಂದು ಅಪ್ಪ, “ಸಾಲ್ಯಾಗ ನೋಡಿ ಬರ್ರಿ” ಎಂದು ಕಳಿಸಿದ್ದ. ಹುಡುಗನ ತಂದೆ, ತಾಯಿ, ಜೊತೆಗೊಬ್ಬ ಮದುವೆ ದಲ್ಲಾಳಿ. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಆಗ ನಾನೂ ಇದ್ದೆ.

“ನಮಸ್ಕಾರ್ರಿ ಅಕ್ಕಾರ,” ಅಂದರು ತಂದೆ. “ನಿಮ್ಮಲ್ಲಿ ಕನ್ಯಾ ಐತಂತ. ನೋಡಾಕ ಬಂದೀವ್ರಿ.”

ನಮ್ಮ ಕಡೆ ಕನ್ಯಾ ಎಂದರೆ ಮದುವೆಗೆ ಬಂದ ಹುಡುಗಿ. ಸಿಸ್ಟರ್‌ಗೆ ಗೊತ್ತಿದ್ದದ್ದು ಕನ್ಯಾಸ್ತ್ರೀ ಒಂದೇ.

“ಸಂತೋಷ. ಇಲ್ಲಿ ನಾವು ಐದು ಜನ ಇದ್ದೇವೆ.”

ತಾಯಿ ಗಾಬರಿಯಾದರು. “ಐದ್ರೀ? ನಮಗ ಒಂದ ಸಾಕ್ರಿ ಯಕ್ಕಾರ. ಇರಾಂವ ಒಬ್ಬನ ಮಗ!”

ಸಿಸ್ಟರ್ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಬಿಡಿಸಿ ಹೇಳಲು ಬಾಯಿ ತೆರೆದೆ. ಕೈಸನ್ನೆಯಲ್ಲೇ ಮುಚ್ಚಿಸಿದರು.

“ಈ ಮನೆಯ ಕನ್ಯೆಯರಿಗೆ ವರ ಗೊತ್ತಾಗಿದ್ದಾನೆ,” ಎಂದು ತಮ್ಮ ಬೆರಳಿನ ಉಂಗುರ ತೋರಿಸಿದರು. ಕನ್ಯಾಸ್ತ್ರೀಯರು ಯೇಸುವಿನ ವಧುಗಳು. ಒಂದಕ್ಷರ ಸುಳ್ಳಿಲ್ಲ.

ತಂದೆಯ ಮುಖ ಕಪ್ಪಿಟ್ಟಿತು. “ಆಗಲೇ ಗೊತ್ತಾಗೇತ್ರೀ? ಯಾವೂರು?”

“ಬೆತ್ಲೆಹೇಮ್.”

“ಎಲ್ಲಿ ಬರತೈತೋ ಅದು?” ಎಂದು ದಲ್ಲಾಳಿಯನ್ನು ಕೇಳಿದರು.

ಗೊತ್ತಿಲ್ಲದ ಊರು ಇದೆಯೆಂದರೆ ದಲ್ಲಾಳಿತನ ಉಳಿಯುವುದು ಹೇಗೆ? ಅವನು ತಡವರಿಸಲೂ ಇಲ್ಲ. “ಕುಷ್ಟಗಿ ದಾಟಿ ಒಳಗ ಹೋಗಬೇಕ್ರಿ. ಸಣ್ಣೂರು. ಆದ್ರ ಛಲೋ ಮನೆತನ.”

“ಬಹಳ ಒಳ್ಳೆಯ ಮನೆತನ,” ಅಂದರು ಸಿಸ್ಟರ್.

ಬಂದವರು ಚಹಾ ಕೂಡ ಕುಡಿಯದೆ ಎದ್ದರು. ದಲ್ಲಾಳಿ ತನ್ನ ಜ್ಞಾನವನ್ನು ತನ್ನೊಳಗೇ ಇಟ್ಟುಕೊಳ್ಳಲಿಲ್ಲ. ಮರಳಿ ಹುಡುಗಿ ಬೆತ್ಲೆಹೇಮಿಗೆ ಗೊತ್ತಾಗಿದ್ದಾಳೆಂದು ನಾಲ್ಕೂ ತಾಲ್ಲೂಕಿಗೆ ಸುದ್ದಿಯಾಯಿತು. ಆ ವರ್ಷ ಇನ್ನೊಂದು ವರ ಅತ್ತ ಸುಳಿಯಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅಪ್ಪನೇ ಬಂದ. ಸುಸ್ತಾಗಿದ್ದ.

“ಸಿಸ್ಟರ್ ಅಕ್ಕಾರ, ಆ ಊರು ಎಲ್ಲೈತ್ರಿ? ಕುಷ್ಟಗಿ ಸ್ಟ್ಯಾಂಡಿನಾಗ ಎಲ್ಲಾ ಬಸ್ಸಿನ ಬೋರ್ಡ್ ಓದಿ ಬಂದೆ. ಒಂದೂ ಹೋಗೂದಿಲ್ಲ.”

ಸಿಸ್ಟರ್ ಅವನ ಮಗಳ ಹಾಲ್ ಟಿಕೆಟ್ ತೆಗೆದು ಕೈಗೆ ಕೊಟ್ಟರು.

“ಮೊದಲು ಇವಳನ್ನು ಪರೀಕ್ಷೆಗೆ ಕರೆತನ್ನಿ. ಆ ಊರಿಗೆ ಬಸ್ಸು ಬಿಟ್ಟ ದಿನ ನಾನೇ ಹೇಳಿ ಕಳಿಸುತ್ತೇನೆ.”