ಕಾಲು ಬದಲಿಸಿ ಎನ್ನುವ ಗಿಣಿಗೆ

ಸಾನ್ ಬಾರ್ತೊಲೊ ಊರಿನ ದೊಡ್ಡ ಚೌಕದಲ್ಲಿ, ಲಾರೆಲ್ ಮರದ ಕೆಳಕೊಂಬೆಯ ಪಂಜರದಲ್ಲಿ ಹಗಲೆಲ್ಲ ವಿರಾಜಮಾನರಾಗಿರುವ, ಹಸಿರು ಸಮವಸ್ತ್ರ, ಹಳದಿ ಪೇಟ ಮತ್ತು ಬಾಗಿದ ಮೂಗಿನಿಂದ ಕಂಗೊಳಿಸುವ ಮಾನ್ಯ ಕರ್ನಲ್ ಗಿಣಿರಾಯರ ಸನ್ನಿಧಿಗೆ,

ಮಾನ್ಯರೇ,

ಅದೇ ಮರದ ಬುಡದಲ್ಲಿ ಬೂಟು ಪಾಲಿಶಿನ ಎತ್ತರದ ಕುರ್ಚಿ ಇಟ್ಟುಕೊಂಡು ಬದುಕುತ್ತಿರುವ ನಬೋರ್ ಕೆಸಾದ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ಬೆಳಗಿನಿಂದ ಸಂಜೆಯವರೆಗೆ ಜನರ ಪಾದದ ಬಳಿಯೇ ಕೂತಿರುವವನಾದ್ದರಿಂದ ನಮಸ್ಕಾರಕ್ಕೆಂದು ನಾನು ಬೇರೆಯಾಗಿ ಬಗ್ಗಬೇಕಾಗಿಲ್ಲ. ಆದರೂ ತಮ್ಮ ಪದವಿಗೆ ಮರ್ಯಾದೆ ಕೊಟ್ಟು ಇನ್ನೊಂದಿಷ್ಟು ಬಗ್ಗಿದ್ದೇನೆ. ತಮಗೆ ಓದು ಬರುವುದಿಲ್ಲವೆಂದು ತಿಳಿದಿದೆ, ಅದಕ್ಕಾಗಿ ಸಂಕೋಚ ಬೇಡ, ದೊಡ್ಡ ಹುದ್ದೆಯಲ್ಲಿರುವ ಅನೇಕರದ್ದು ಅದೇ ಕಥೆ. ಈ ಪತ್ರವನ್ನು ನಾನೇ ತಮ್ಮ ಪಂಜರದೆದುರು ನಿಂತು ಗಟ್ಟಿಯಾಗಿ ಓದಿ, ಆಮೇಲೆ ಮರಕ್ಕೆ ಅಂಟಿಸುತ್ತೇನೆ. ಗುಟ್ಟು ರಟ್ಟಾಗುತ್ತದೆಂಬ ಭಯ ನನಗಿಲ್ಲ, ಏಕೆಂದರೆ ಇದರಲ್ಲಿರುವ ಗುಟ್ಟು ಊರಿಗೆಲ್ಲ ಗೊತ್ತಿರುವಂಥದ್ದೇ.

ಮೊದಲಿಗೆ ತಮ್ಮ ಪ್ರತಿಭೆಯನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು. ಗಿರಾಕಿಗಳನ್ನು ಕರೆಯಲು ನಾನು ಕೂಗುವ "ಪಾಲಿಶ್, ತಮ್ಮಾ!" ಎಂಬ ಕೂಗನ್ನು ತಾವು ಕಲಿತಿರಿ, ಸಂತೋಷ, ನನ್ನ ಗಂಟಲಿಗೆ ವಿಶ್ರಾಂತಿ ಸಿಕ್ಕಿತು. ಆದರೆ ಬಟ್ಟೆ ಚಪ್ಪಲಿಯಲ್ಲಿ ಹೋಗುತ್ತಿರುವ ಸನ್ಯಾಸಿನಿಯರನ್ನು, ಬರಿಗಾಲಿನ ಮಕ್ಕಳನ್ನು, ಕೊನೆಗೆ ಕಾರಂಜಿಯ ಬಳಿ ಮಲಗುವ ನಾಯಿಯನ್ನೂ ತಾವು "ತಮ್ಮಾ" ಎಂದು ಕರೆದು ಪಾಲಿಶಿಗೆ ಆಹ್ವಾನಿಸಬೇಕಿತ್ತೇ? ನಾಯಿ ಒಂದೇ ಮರ್ಯಾದೆಯಿಂದ ಎದ್ದು ಬಂತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ: ಕುರ್ಚಿ ಹತ್ತಿದ ಗಿರಾಕಿಯ ಕೈಗೆ ಪತ್ರಿಕೆ ಕೊಡುತ್ತೇವೆ, ಅವರು ಓದುತ್ತಾರೆ, ಒಂದು ಬೂಟು ಮುಗಿದಾಗ ನಾವು ಬ್ರಷ್ಷಿನ ಬೆನ್ನಿಂದ ಪಾದದ ಹಲಗೆಯನ್ನು ಎರಡು ಸಲ ಬಡಿಯುತ್ತೇವೆ, ಅವರು ಪತ್ರಿಕೆಯಿಂದ ತಲೆಯೆತ್ತದೆ ಕಾಲು ಬದಲಿಸುತ್ತಾರೆ. ಈ "ಟಕ್ ಟಕ್" ಅನ್ನು ತಾವು ಎಷ್ಟು ಚೆನ್ನಾಗಿ ಕಲಿತಿದ್ದೀರೆಂದರೆ ನನ್ನ ಬ್ರಷ್ಷೇ ನಾಚಿಕೊಳ್ಳಬೇಕು. ಆದರೆ ಸ್ವಾಮೀ, ಕಾಲು ಬದಲಿಸುವ ಹೊತ್ತು ಯಾವುದೆಂದು ನಿರ್ಧರಿಸುವ ಅಧಿಕಾರವನ್ನು ತಮಗೆ ಯಾರು ಕೊಟ್ಟರು? ನೋಟರಿ ದೋನ್ ಅಬುಂದಿಯೊ ಅವರು ತಮ್ಮ ಮಗಳ ಮದುವೆಗೆ ಹೊರಟವರು ಕುರ್ಚಿಯಲ್ಲಿ ಕೂತಿದ್ದಾಗ ತಾವು ಹುಕುಂ ಮೇಲೆ ಹುಕುಂ ಹೊರಡಿಸಿದಿರಿ, ಅವರು ಫುಟ್‌ಬಾಲ್ ಸುದ್ದಿ ಓದುತ್ತಾ ಕಾಲು ಕುಣಿಸಿದರು, ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು, ಅವರು ಜಿಗಿದು ಓಡಿಯೇಬಿಟ್ಟರು. ಮದುವೆಯ ಫೋಟೋದಲ್ಲಿ ಅವರ ಬಲ ಬೂಟಿನಲ್ಲಿ ಪಾದ್ರಿಯ ಮುಖ ಕಾಣುತ್ತದೆ, ಎಡ ಬೂಟು ಮಾತ್ರ ಕೆಸರುಗದ್ದೆಯಿಂದ ಬಂದಂತಿದೆ. "ನಬೋರ್, ನಿನಗೇನು ಅರವತ್ತರ ಅರಳುಮರಳೇನಯ್ಯಾ?" ಎಂದು ಅವರು ಇಡೀ ಚೌಕದ ಮುಂದೆ ನನ್ನ ನೀರಿಳಿಸಿದರು. ತಾವು ಆಗ ರೆಕ್ಕೆ ಕೆದರಿಕೊಳ್ಳುತ್ತಾ ಆಕಾಶ ನೋಡುತ್ತಿದ್ದಿರಿ.

ಇಷ್ಟೂ ಪೀಠಿಕೆ. ನಿಜವಾದ ಸಂಕಟ ಬೇರೆಯಿದೆ, ಹೇಳಿಯೇಬಿಡುತ್ತೇನೆ. ತಮ್ಮ ಒಡತಿ ದೋನ್ಯಾ ಓತಿಲಿಯಾ ಅವರು ದಿನಾ ಬೆಳಿಗ್ಗೆ ತಮ್ಮ ಪಂಜರವನ್ನು ಕೊಂಬೆಗೆ ತೂಗುಹಾಕಿ, ನನ್ನ ಪಕ್ಕದಲ್ಲೇ ಒಲೆ ಹೂಡಿ ಮಣ್ಣಿನ ಮಡಕೆಯ ಕಾಫಿಯನ್ನೂ ತಮಾಲೆ ಕಡುಬನ್ನೂ ಮಾರುತ್ತಾರೆ. ಅವರು ವಿಧವೆ, ನಾನು ವಿಧುರ. ನನಗೆ ಅವರನ್ನು ಕಂಡರೆ ಪ್ರೀತಿ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನ್ನನ್ನು ನಾನೇ ಬೈದುಕೊಂಡೆ, ಉಪಯೋಗವಾಗಲಿಲ್ಲ.

ಕಳೆದ ತಿಂಗಳು ಅವರು ಮೊಟ್ಟಮೊದಲ ಬಾರಿಗೆ ನನ್ನ ಕುರ್ಚಿ ಹತ್ತಿದರು. ಒಲೆಯ ಕಬ್ಬಿಣದ ಕಾಲಿಗೆ ದಿನವೂ ತಾಗಿ ತಾಗಿ ಅವರ ಕಂದು ಬೂಟುಗಳ ಮುಂತುದಿ ಬಿಳಿಚಿ ಸಿಪ್ಪೆ ಎದ್ದಿತ್ತು. "ಇದಕ್ಕೇನಾದ್ರೂ ಗತಿ ಇದೆಯಾ, ದೋನ್ ನಬೋರ್, ಇಲ್ಲಾ ಎಸೆದುಬಿಡ್ಲಾ?" ಎಂದು ಕೇಳಿದರು. ಚರ್ಮವನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎದ್ದ ಸಿಪ್ಪೆಯನ್ನು ಉಜ್ಜುಕಾಗದದಿಂದ ನಯಮಾಡಿ, ಬಣ್ಣದ ಮೇಣವನ್ನು ಬಿಸಿಗೆ ಹಿಡಿದು ಬೆರಳಿನಿಂದ ಗೀರಿನೊಳಗೆ ತುಂಬಿ, ಅದು ಗಟ್ಟಿಯಾಗುವ ತನಕ ಕಾಯಬೇಕು. ಆತುರದ ಕೆಲಸವಲ್ಲ, ಆತುರ ನನಗೂ ಬೇಕಿರಲಿಲ್ಲ. ಆ ಕಾಯುವ ಹೊತ್ತಿನಲ್ಲೇ ಕೇಳಿಬಿಡಬೇಕೆಂದು ಎದೆ ಗಟ್ಟಿಮಾಡಿಕೊಂಡು "ದೋನ್ಯಾ ಓತಿಲಿಯಾ, ನಾವಿಬ್ರೂ ಒಂಟಿ ಜೀವಗಳು..." ಎಂದೆನೋ ಇಲ್ಲವೋ, ತಾವು ಟಕ್ ಟಕ್ ಎಂದಿರಿ. ಅವರು ಕಾಲು ಬದಲಿಸಿದರು. ಹಸಿ ಮೇಣ ಹಲಗೆಗೆ ಅಂಟಿತು. ಮತ್ತೆ ತುಂಬಿ, ಮತ್ತೆ ಉಸಿರೆಳೆದುಕೊಂಡು "ನಾನು ಹೇಳೋದೇನಂದ್ರೆ..." ಎಂದೆ. ಟಕ್ ಟಕ್. "ಏನ್ರೀ ಇದು, ಪಾಲಿಶೋ ಕುಣಿತವೋ?" ಎಂದು ಅವರು ನಕ್ಕರು.

ಆಗ ತಾವು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಅವರ ದಿವಂಗತ ಪತಿ ದೋನ್ ಪ್ರೊಕೋಪಿಯೊ ಅವರ ದನಿಯಲ್ಲಿ, ಅದೇ ಗೊಗ್ಗರು, ಅದೇ ಕೆಮ್ಮಿನ ಸಮೇತ, "ಓತಿಲಿಯಾ, ಕಾಫಿ ಎಲ್ಲೇ?" ಎಂದಿರಿ. ದೋನ್ಯಾ ಓತಿಲಿಯಾ ಹಿಂದುಮುಂದು ನೋಡದೆ ಕುರ್ಚಿಯಿಂದ ಇಳಿದು, ಒಲೆಯ ಬಳಿಗೆ ಹೋಗಿ, ಬಟ್ಟಲಿಗೆ ಕಾಫಿ ಬಗ್ಗಿಸಿ, ತಿರುಗಿ ನಿಂತರು. ಕೊಡಲು ಯಾರೂ ಇರಲಿಲ್ಲ. "ನೋಡಿ, ಯಾರಿಗೆ ಅಂತ ಬಗ್ಗಿಸ್ದೆ ನಾನು?" ಎಂದರು, ಕಣ್ಣು ತುಂಬಿತ್ತು. ನನಗೆ ಸತ್ತವರ ಮೇಲೆ ಹೊಟ್ಟೆಕಿಚ್ಚೂ ಆಯಿತು, ಇದ್ದವರಿಗಾಗಿ ಕರುಳೂ ಕಿತ್ತುಬಂತು. ಕೊನೆಗೆ ಆ ಬಟ್ಟಲನ್ನು ನನ್ನ ಕೈಗೇ ಕೊಟ್ಟರು. ನಾನು ಕಾಫಿ ಹಿಡಿದುಕೊಂಡೇ ಮದುವೆಯ ಮಾತು ಕೇಳಿದೆ.

ಅವರು ಇಲ್ಲವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ಆ ಗಿಣಿ ಬಾಯಲ್ಲಿ ಇನ್ನೂ ಅವ್ರೇ ಇದ್ದಾರೆ, ದೋನ್ ನಬೋರ್. ಅದು ನಿಮ್ಮ ಹೆಸ್ರು ಹೇಳಿದ ದಿನ ಬನ್ನಿ, ಮಾತಾಡೋಣ" ಎಂದುಬಿಟ್ಟರು. ಒಬ್ಬ ಗಂಡಸಿನ ಬಾಳು ಹೀಗೆ ಒಂದು ಕೊಕ್ಕಿಗೆ ನೇತುಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದಿನಿಂದ ಅವರು ನೀರಿಗೆ ಹೋದಾಗಲೆಲ್ಲ ನಾನು ಸೂರ್ಯಕಾಂತಿ ಬೀಜ ಹಿಡಿದು ತಮ್ಮ ಕಿವಿಯಲ್ಲಿ "ನಬೋರ್, ನಬೋರ್" ಎಂದು ಜಪಿಸುತ್ತಿದ್ದೇನೆ. ತಾವು ಬೀಜ ತಿಂದು, ಸಿಪ್ಪೆಯನ್ನು ನನ್ನ ತಲೆಯ ಮೇಲೆ ಉದುರಿಸಿ, ಅತ್ಯಂತ ಸ್ಪಷ್ಟವಾಗಿ "ಅರಳುಮರಳು" ಎಂದಿರಿ. ನೋಟರಿಯ ಆ ಒಂದು ಮಾತು ಒಂದೇ ಸಲಕ್ಕೆ ತಲೆಗೆ ಹತ್ತಿತು, ನನ್ನ ಹೆಸರಿನ ಮೂರಕ್ಷರ ಮಾತ್ರ ಹತ್ತಲಿಲ್ಲ!

ಆದಕಾರಣ ತಮ್ಮಲ್ಲಿ ವಿನಮ್ರ ಬೇಡಿಕೆಗಳು. ತಾವು ಟಕ್ ಟಕ್ ಎನ್ನುವ ಮುನ್ನ ಮೇಣ ಒಣಗಿದೆಯೇ ಎಂದು ಕೊಕ್ಕಿನಿಂದ ಮುಟ್ಟಿ ನೋಡತಕ್ಕದ್ದು. ದೋನ್ ಪ್ರೊಕೋಪಿಯೊ ಅವರ ದನಿಯನ್ನು ಬಿಟ್ಟುಬಿಡಿ ಎನ್ನುವಷ್ಟು ಪಾಪಿ ನಾನಲ್ಲ. ಒಳ್ಳೆಯ ಮನುಷ್ಯ, ಅವರ ಬೂಟಿಗೆ ನಾನೇ ಹೊಳಪು ಕೊಡುತ್ತಿದ್ದೆ. ಅವರ ದನಿಯನ್ನು ವರ್ಷಕ್ಕೊಮ್ಮೆ ಸತ್ತವರ ಹಬ್ಬದ ದಿನ ಮನಸಾರೆ ಬಳಸಿಕೊಳ್ಳಿ, ಕಾಫಿಯನ್ನು ನಾನೇ ತಂದಿಡುತ್ತೇನೆ. ಉಳಿದ ದಿನಗಳಲ್ಲಿ ಆ ಜಾಗದಲ್ಲಿ ನನ್ನ ಹೆಸರಿಗೂ ಒಂಚೂರು ಎಡೆ ಮಾಡಿಕೊಡಿ. ಒಲ್ಲೆನೆಂದರೆ ತಾವೇ ಕೆಳಗಿಳಿದು, ಬ್ರಷ್ಷು ಹಿಡಿದು, ನನ್ನ ಕುರ್ಚಿಯನ್ನು ವಹಿಸಿಕೊಳ್ಳಿ. ನಾನು ಪಂಜರದೊಳಗೆ ಕೂತು ದಿನವಿಡೀ ಅವರನ್ನೇ ನೋಡಿಕೊಂಡಿರುತ್ತೇನೆ.

ತಮ್ಮ ಬೂಟಿಲ್ಲದ ಪಾದಗಳ ಎಂದೆಂದಿನ ವಿಶ್ವಾಸಿ,
ನಬೋರ್ ಕೆಸಾದ

ತಾ.ಕ.: ಈ ಪತ್ರವನ್ನು ಸಂಜೆ ತಮ್ಮೆದುರು ಓದಿ ಮುಗಿಸಿದಾಗ ದೋನ್ಯಾ ಓತಿಲಿಯಾ ಒಲೆ ಆರಿಸುತ್ತಿದ್ದರು. ತಾವು ಕತ್ತು ಓರೆಮಾಡಿ, "ನಬೋರ್, ಊಟ ಆರ್ತಿದೆ, ಬಾರೋ" ಎಂದಿರಿ. ಅದು ನಾನು ಕಲಿಸಿದ ಮಾತಲ್ಲ, ನನ್ನ ದನಿಯೂ ಅಲ್ಲ. ಚೌಕದಲ್ಲಿ ಒಂದು ದಿನವೂ ನನ್ನನ್ನು ಮರ್ಯಾದೆಯ "ದೋನ್" ಬಿಟ್ಟು ಕರೆಯದ, "ನೀವು" ಬಿಟ್ಟು ಮಾತಾಡದ ಅವರದೇ ದನಿ. ಅವರು ಓಡಿಬಂದು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯನ್ನು ಬಿಚ್ಚಿ ಪಂಜರದ ಮೇಲೆ ಎಸೆದರು. "ಈ ಗಿಣಿಗೆ ತಲೆ ಕೆಟ್ಟಿದೆ, ದೋನ್ ನಬೋರ್, ನಂಬಬೇಡಿ" ಎಂದರು. ಹತ್ತಾರು ಸಲ ಮನೆಯಲ್ಲಿ ಕೇಳದೆ ಕರ್ನಲ್‌ರು ಇಷ್ಟುದ್ದದ ಮಾತನ್ನು ಹೇಗೆ ಕಲಿತಾರು ಎಂದು ನಾನು ವಿನಯದಿಂದ ವಿಚಾರಿಸಿದೆ. ಅವರ ಮುಖ ಕೆಂಪಾಯಿತು. "ಕೇಳಿಸ್ತಲ್ಲಾ, ಮತ್ತಿನ್ನೂ ಏನು ಮರದ ಥರ ನಿಂತಿದೀಯ?" ಎಂದು ಮುಂದೆ ನಡೆದೇಬಿಟ್ಟರು. ಆದ್ದರಿಂದ ನನ್ನ ದೂರನ್ನು ಹಿಂಪಡೆದಿಲ್ಲ, ಊಟ ಮುಗಿಯುವವರೆಗೆ ತಡೆಹಿಡಿದಿದ್ದೇನೆ ಅಷ್ಟೆ. ತಮ್ಮ ಪಂಜರವನ್ನು ಅವರ ಮನೆಯ ತನಕ ಹೊರುವ ಕೆಲಸವೂ ನನಗೇ ಬಿದ್ದಿದೆ. ನೋಡಲು ಇಷ್ಟೇ ಇಷ್ಟಿದ್ದರೂ ತಾವು ಬಹಳ ಭಾರವಿದ್ದೀರಿ, ಕರ್ನಲ್‌ರೇ.